ಗಡುವು ಮತ್ತು ಗುಳಿಗೆ



ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಸೆಬಿ, ಭಾರತ್ ಡೈಮಂಡ್ ಬೋರ್ಸ್ ಮತ್ತು ಅನೇಕ ಬ್ಯಾಂಕುಗಳು ನೆರೆಹೊರೆಯಲ್ಲಿವೆ. ಅಲ್ಲಿ ದುಡಿಯುವ ಗುಮಾಸ್ತರೂ ಲೆಕ್ಕಿಗರೂ ಬಳಲಿದಾಗ ಮೊದಲು ಕಾಣುವುದು ಮನೋವೈದ್ಯರನ್ನಲ್ಲ, ಮನೆಯ ಹತ್ತಿರದ ಕುಟುಂಬ ವೈದ್ಯರನ್ನು. ಹೇಳಿಕೊಳ್ಳುವುದೂ ಕೆಲಸದ ಒತ್ತಡವೆಂದಲ್ಲ. ಎದೆಯುರಿ, ತಲೆನೋವು, ನಿದ್ರೆ ಬಾರದಿರುವುದು ಎಂದು. ಹೊರಗೆ ಸರದಿ ಕಾದಿರುವಾಗ, ದಿನಕ್ಕೆ ಎಷ್ಟು ಗಂಟೆ ದುಡಿಯುತ್ತೀರೆಂದು ವಿಚಾರಿಸಲು ವೈದ್ಯರಿಗೆ ಬಿಡುವೆಲ್ಲಿ? ಆಮ್ಲಕ್ಕೊಂದು, ನೋವಿಗೊಂದು, ನಿದ್ರೆಗೊಂದು ಗುಳಿಗೆ ದೊರೆಯುತ್ತದೆ.

ಈ ಮೂರನೆಯದರಲ್ಲಿ ಎಚ್ಚರ ಅಗತ್ಯ. ಅಲ್ಪ್ರಜೋಲಮ್, ಡಯಜೆಪಾಮ್‌ಗಳು ಅಲ್ಪಾವಧಿಗೆ ಉಪಕಾರಿಯಾದವು. ಕೆಲವು ವಾರಗಳ ನಿತ್ಯಬಳಕೆಯಿಂದಲೇ ದೇಹವು ಅವನ್ನು ಅವಲಂಬಿಸತೊಡಗಬಹುದು. ಹಠಾತ್ತನೆ ನಿಲ್ಲಿಸಿದರೆ ಕಳವಳ, ನಡುಕ, ಕೆಲವೊಮ್ಮೆ ಸೆಳವು ಉಂಟಾಗುತ್ತದೆ. 2014ರಿಂದ ಇವು ಎಚ್1 ಅನುಸೂಚಿಯಲ್ಲಿವೆ. ಅಂಗಡಿಯವರು ವೈದ್ಯರ ಹಾಗೂ ರೋಗಿಯ ಹೆಸರನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಹಳೆಯ ಚೀಟಿಯನ್ನೇ ತೋರಿಸಿ ಮತ್ತೆ ಮತ್ತೆ ತರುವವರು ಈ ರಕ್ಷಣೆಯನ್ನು ತಾವಾಗಿ ಕಳೆದುಕೊಳ್ಳುತ್ತಾರೆ.

ಔಷಧವು ಶತ್ರುವಲ್ಲ. ಖಿನ್ನತೆ, ಆತಂಕದ ಕಾಯಿಲೆಗಳಿಗೆ ಅದು ಅನೇಕ ವೇಳೆ ಬೇಕಾಗುತ್ತದೆ. ವೈದ್ಯರನ್ನು ಕೇಳದೆ ಬಿಡಲಾಗದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ‘ಬರ್ನೌಟ್’ ಎಂಬ ಬಳಲಿಕೆಯನ್ನು ರೋಗವೆಂದಲ್ಲ, ಔದ್ಯೋಗಿಕ ವಿದ್ಯಮಾನವೆಂದು ವರ್ಗೀಕರಿಸಿತು. ಕಾರಣವು ಕಚೇರಿಯಲ್ಲಿದ್ದು ಚಿಕಿತ್ಸೆ ನೌಕರನಿಗೆ ಮಾತ್ರ ನಡೆದರೆ, ಗುಳಿಗೆಯು ಅವನನ್ನು ಮರುದಿನದ ಅದೇ ಹೊರೆಗೆ ಸಜ್ಜುಗೊಳಿಸುತ್ತದೆ, ಅಷ್ಟೆ.

2024ರಲ್ಲಿ ಪುಣೆಯಲ್ಲಿ ತರುಣ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ನೌಕರಿಗೆ ಸೇರಿದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಕೆಲಸದ ಹೊರೆಯ ಕುರಿತು ತಾಯಿ ಬರೆದ ಪತ್ರ ದೇಶವನ್ನು ಕಲಕಿತು. ಆಗಲೂ ಅಧಿಕಾರಸ್ಥರಿಂದ ಆಂತರಿಕ ಶಕ್ತಿಯ ಉಪದೇಶ ಕೇಳಿಬಂತು. ಮನೋಬಲ ಒಳ್ಳೆಯದೇ, ಆದರೆ ಅದು ದುಡಿಮೆಯ ಗಂಟೆಗಳನ್ನು ಕಡಿಮೆ ಮಾಡಲಾರದು.

ಯಂತ್ರದ ಸವಕಳಿಯನ್ನು ವರ್ಷವರ್ಷವೂ ತಪ್ಪದೆ ತೋರಿಸುವ ವ್ಯವಹಾರಸ್ಥರು ಮನುಷ್ಯನ ಸವಕಳಿಯನ್ನು ನೌಕರನ ಔಷಧದ ಖರ್ಚಿಗೆ ಬಿಟ್ಟುಬಿಡುತ್ತಾರೆ. ಈ ಸಭೆಯಲ್ಲಿ ಅಂಗಡಿ, ಕಚೇರಿಗಳ ಒಡೆಯರಿದ್ದಾರೆ. ತೆರಿಗೆಯ ಗಡುವುಗಳು ವರ್ಷದ ಮೊದಲೇ ಗೊತ್ತಿರುವಂಥವು. ಕೆಲಸವನ್ನು ಮುಂಚಿತವಾಗಿ ಹಂಚಬಹುದು, ಹೆಚ್ಚುವರಿ ಗಂಟೆಗಳನ್ನು ವಹಿಯಲ್ಲಿ ಬರೆಯಬಹುದು, ರಾತ್ರಿಯ ಕರೆಗಳನ್ನು ನಿಲ್ಲಿಸಬಹುದು. ನೌಕರರು ವೈದ್ಯರ ಮುಂದೆ ನಿದ್ರೆಯ ಜೊತೆಗೆ ದುಡಿಮೆಯ ವೇಳೆಯನ್ನೂ ಹೇಳಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡ, ಮರಾಠಿಗಳಲ್ಲಿಯೂ ಉಚಿತವಾಗಿ ಮಾತನಾಡಬಹುದು. ಆ ಸಂಖ್ಯೆಯನ್ನು ಪ್ರತಿ ಕಚೇರಿಯ ಗೋಡೆಯ ಮೇಲೆ ಬರೆಸುವುದರಿಂದಲೇ ಆರಂಭವಾಗಲಿ.