ನೆಲದ ಹವೆಗೆ ಒಪ್ಪುವ ಕಟ್ಟಡ
(ಪಟಮಟದಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭಾಭವನದ ನಕ್ಷೆಯನ್ನು ತಾವೆಲ್ಲರೂ ಈಗಷ್ಟೇ ನೋಡಿದಿರಿ. ಪಶ್ಚಿಮಕ್ಕೆ ಮುಖ, ಮುಂಭಾಗಕ್ಕೆಲ್ಲ ಗಾಜು. ಬೆಂಗಳೂರಿನಲ್ಲಿ ಇದು ಹೇಗೋ ನಡೆದೀತು, ಪಟಮಟದಲ್ಲಿ ನಡೆಯದು.

ವಿಜಯವಾಡವಿರುವುದು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರದ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಬಿಸಿಲಿನ ಹೊರೆಯನ್ನು ಮೊದಲು ಹೊರುವುದು ಛಾವಣಿ. ಕಾಂಕ್ರೀಟು ಹಗಲೆಲ್ಲ ಹೀರಿದ ಕಾವನ್ನು ಇರುಳಿನಲ್ಲಿ ಒಳಗೆ ಸುರಿಯುತ್ತದೆ. ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜಾ ಸಾಕು. ಪಶ್ಚಿಮದ ಇಳಿಬಿಸಿಲು ಓರೆಯಾಗಿ ನುಗ್ಗುವುದರಿಂದ ಯಾವ ಸಜ್ಜಾವೂ ಅದನ್ನು ತಡೆಯಲಾರದು.

ನಮ್ಮ ಬಯಲುಸೀಮೆಯ ಮಾಳಿಗೆ ಮನೆಯನ್ನೇ ಇಲ್ಲಿ ಕಟ್ಟೋಣವೆಂದು ಕೆಲವು ಮಿತ್ರರು ಪ್ರೀತಿಯಿಂದ ಹೇಳುತ್ತಾರೆ. ದಪ್ಪ ಮಣ್ಣಿನ ಗೋಡೆ, ಪುಟ್ಟ ಕಿಟಕಿ, ಮೇಲೊಂದು ಬೆಳಕಿಂಡಿ: ಇವು ಒಣ ಬಿಸಿಲಿಗೂ ತಂಪು ಇರುಳಿಗೂ ಹೇಳಿಸಿದಂಥವು. ಇಲ್ಲಿಯದು ಬೆವರು ಆರದ ಸೆಕೆ. ಇಲ್ಲಿ ಗಾಳಿ ಆಡಬೇಕು. ಕೃಷ್ಣಾ ಗೋದಾವರಿ ಸೀಮೆಯ ಹಿರಿಯರು ಇದನ್ನು ಬಲ್ಲವರಾಗಿದ್ದರು. ಅವರ ‘ಮಂಡುವ ಲೋಗಿಲಿ’ಯ ನಡುಅಂಗಳ ನಮ್ಮ ಮಲೆನಾಡಿನ ತೊಟ್ಟಿಮನೆಯ ಒಡಹುಟ್ಟು. ವಿಶಾಖಪಟ್ಟಣದತ್ತ ಕಡಲಂಚಿನ ‘ಚುಟ್ಟಿಲ್ಲು’ ದುಂಡಗಿದ್ದು, ಸೂರು ನೆಲದತ್ತ ಬಾಗಿರುತ್ತದೆ. ಚಂಡಮಾರುತಕ್ಕೆ ಹಿಡಿಯಲು ಮೂಲೆಯೇ ಸಿಗದು. ಇನ್ನು ತಿರುವನಂತಪುರದಲ್ಲಿ ಲಾರಿ ಬೇಕರರು ಇಟ್ಟಿಗೆಯ ನಡುವೆ ಕಿಂಡಿ ಬಿಟ್ಟು ಕಟ್ಟಿದ ಜಾಲಿಗೋಡೆಗಳಿವೆ. ಬೆಳಕು, ಗಾಳಿ ಎರಡೂ ಬರುತ್ತವೆ, ಇಟ್ಟಿಗೆಯ ಖರ್ಚೂ ಉಳಿಯುತ್ತದೆ. ಗಾಜಿಗಿಂತ ಇದು ಬಡವೆಂದು ಭಾವಿಸುವವರೊಡನೆ ನನ್ನ ವಾದವಿಲ್ಲ. ಮೇ ತಿಂಗಳಿನಲ್ಲಿ ಒಮ್ಮೆ ಆ ಗಾಜಿನ ಹಿಂದೆ ಕುಳಿತು ನೋಡಲಿ.

ಯಂತ್ರವಿದೆಯಲ್ಲ ಎನ್ನಬಹುದು. ಯಂತ್ರ ಒಳಗಿನ ಕಾವನ್ನು ಬೀದಿಗೆ ದೂಡುತ್ತದೆ, ಬೀದಿಯಲ್ಲಿರುವವನಿಗೆ ಯಂತ್ರವಿಲ್ಲ. 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರಪ್ರದೇಶವೊಂದರಲ್ಲಿಯೇ ಸಾವಿರಕ್ಕೂ ಹೆಚ್ಚು ಮಂದಿ ಬಲಿಯಾದರು. ಇಲ್ಲಿನವರು ಅದನ್ನು ‘ವಡದೆಬ್ಬ’ ಎನ್ನುತ್ತಾರೆ. ನಮ್ಮ ನಕ್ಷೆಯಲ್ಲಿ ಕಾವಲುಗಾರನ ಕೋಣೆ ಇರುವುದೂ ತಾರಸಿಯ ಮೇಲೆಯೇ, ಕಲ್ನಾರಿನ ಹೊದಿಕೆಯ ಕೆಳಗೆ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಬಾಗಿಲನ್ನು ಉತ್ತರದ ಓಣಿಗೆ ತಿರುಗಿಸೋಣ. ವಾಸ್ತು ನೋಡುವ ಹಿರಿಯರೂ ಉತ್ತರವನ್ನು ಬೇಡವೆನ್ನಲಾರರು. ಪಶ್ಚಿಮಕ್ಕೆ ಮೆಟ್ಟಿಲು, ಉಗ್ರಾಣ, ಶೌಚಾಲಯಗಳು ಸೇರಲಿ. ತಾರಸಿಗೆ ವರ್ಷವರ್ಷವೂ ಬೇಸಗೆಗೆ ಮುನ್ನ ಬಿಳಿ ಸುಣ್ಣ ಬಳಿಯೋಣ. ಗಾಜಿನ ಹಣದಲ್ಲಿ ಅಗಲವಾದ ಜಗಲಿಯಾಗಲಿ, ಕಾವಲುಗಾರನ ಸಂಸಾರ ಕೆಳಗಿನ ಅಂತಸ್ತಿಗೆ ಇಳಿದು ಬರಲಿ. ಅಡಿಪಾಯದ ಗುರುತು ಇನ್ನೂ ಹಾಕಿಲ್ಲವಾದ್ದರಿಂದ ಈ ತಿದ್ದುಪಡಿಗೆ ಕಾಗದದ ಖರ್ಚು ಮಾತ್ರ.