ಸಿರಿಯ ಮನೆಯ ಬಾಗಿಲು

ಬಳ್ಳಾರಿಗೆ ಸಮೀಪದ ಕೊಳಗಲ್ಲು ಎಂಬ ಗ್ರಾಮದ ಹೆಸರು ಚರಿತ್ರೆಯ ವ್ಯಾಸಂಗ ಮಾಡಿದವರಿಗೆ ಪರಿಚಿತವಾದುದು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ತೀರಿಕೊಂಡ ಸಂಗತಿಯೂ, ಅವನ ತಮ್ಮನಾದ ಖೊಟ್ಟಿಗನು ಪಟ್ಟಕ್ಕೆ ಬಂದ ಸಂಗತಿಯೂ ನಮಗೆ ತಿಳಿದುಬರುವುದು ಅಲ್ಲಿಯ ಕ್ರಿ. ಶ. ೯೬೭ರ ಶಾಸನದಿಂದ. ಕೃಷ್ಣನು ಸಾಮಾನ್ಯ ದೊರೆಯಲ್ಲ. ೯೪೯ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳರನ್ನು ಮುರಿದವನು. ಪೊನ್ನನಿಗೆ ಉಭಯಕವಿಚಕ್ರವರ್ತಿಯೆಂಬ ಬಿರುದನ್ನಿತ್ತವನು. ಆದರೆ ಆ ಶಾಸನ ಹುಟ್ಟಿ ಐದು ವರ್ಷಗಳು ಕಳೆಯುವುದರೊಳಗಾಗಿ, ೯೭೨ರಲ್ಲಿ, ಮಾಳವದ ಪರಮಾರ ಸೀಯಕನು ರಾಜಧಾನಿಯಾದ ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ರಾಜ್ಯಲಕ್ಷ್ಮಿಯು ಚಾಲುಕ್ಯ ತೈಲಪನನ್ನು ಸೇರಿದಳು.

ಸಿರಿಯು ಹೀಗೆ ಬಂದು ಹೀಗೆ ಹೋಗತಕ್ಕದ್ದೆಂಬುದನ್ನು ಕೇಳದವರಾರು? ಆದರೂ ಅದು ಮನೆಯಲ್ಲಿರುವಷ್ಟು ಕಾಲ ಸ್ಥಿರವೆಂದೇ ತೋರುತ್ತದೆ. ಈ ತೋರಿಕೆಯು ಮನುಷ್ಯನ ಮನಸ್ಸಿನೊಳಗೆ ಹೇಗೆ ಬೇರೂರುತ್ತದೆಂಬುದನ್ನು ಶಾಸನಗಳು ಹೇಳಲಾರವು. ಶಾಸನದ ಭಾಷೆ ಹೊಗಳಿಕೆಯ ಭಾಷೆ; ದಾನ, ವಿಜಯ, ಬಿರುದು, ವಂಶ ಇವು ಅದರ ವಿಷಯ. ಸಿರಿವಂತನು ತನಗೆ ತಾನೇ ಏನೆಂದುಕೊಳ್ಳುತ್ತಾನೆಂಬುದು ಬೇಕಾದರೆ ನಾವು ಕಥೆಗಳ ಬಳಿಗೆ ಹೋಗಬೇಕು.

ಅದೃಷ್ಟವಶಾತ್ ಹಾಗೆ ಹೋಗುವುದಕ್ಕೆ ದೂರದ ದಾರಿಯೇನೂ ಇಲ್ಲ. ಕೊಳಗಲ್ಲಿನ ಶಾಸನ ಹುಟ್ಟಿದ ಹತ್ತನೆಯ ಶತಮಾನಕ್ಕೇ ಸೇರಿದುದೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುವ ಒಂದು ಕಥಾಗ್ರಂಥವು ನಮ್ಮಲ್ಲಿದೆ. ಅದು ಹತ್ತೊಂಬತ್ತು ಕಥೆಗಳ ವಡ್ಡಾರಾಧನೆ, ೧೯೪೯ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಪರಿಷ್ಕರಣದಿಂದ ಕನ್ನಡಿಗರ ಕೈಸೇರಿದ ಗ್ರಂಥ. ಅದರ ಮೊದಲ ಕಥೆಯೇ ಸುಕುಮಾರಸ್ವಾಮಿಯದು.

ಉಜ್ಜಯಿನಿಯ ಮಹಾಶ್ರೀಮಂತ ವ್ಯಾಪಾರಿಯ ಮಡದಿ ಯಶೋಭದ್ರೆ. ಬಹುಕಾಲದ ಮೇಲೆ ಹುಟ್ಟಿದ ಮಗ ಸುಕುಮಾರ. ಈ ಮಗನು ಋಷಿಯ ಮುಖವನ್ನು ಕಂಡರೆ ತಪಸ್ಸಿಗೆ ಹೋಗುವನೆಂಬ ಭವಿಷ್ಯವನ್ನು ಕೇಳಿದ ತಾಯಿಯು ಮನೆಯೊಳಕ್ಕೆ ಋಷಿಗಳು ಕಾಲಿಡದಂತೆ ಕಟ್ಟು ಮಾಡುತ್ತಾಳೆ. ಮೂವತ್ತಿಬ್ಬರು ಸೊಸೆಯರನ್ನು ತಂದು ಮಗನನ್ನು ಭೋಗದ ನಡುವೆ ನೆಲೆನಿಲ್ಲಿಸುತ್ತಾಳೆ. ಅರಸನೇ ಬೆಲೆಗೆ ಹೆದರಿ ಬಿಟ್ಟ ರತ್ನಕಂಬಳಿಯನ್ನು ಕೊಂಡು, ಅದನ್ನು ತುಂಡು ಮಾಡಿಸಿ ಸೊಸೆಯರ ಕಾಲಿನ ಬಳಕೆಗೆ ಕೊಡುತ್ತಾಳೆ. ಇದನ್ನರಿತ ಅರಸನು ಬೆರಗಾಗಿ ಆ ಮನೆಗೆ ಬಿಜಯಮಾಡುತ್ತಾನೆ. ದೀಪದ ಕುಡಿಯನ್ನು ಕಂಡು ಸುಕುಮಾರನ ಕಣ್ಣಲ್ಲಿ ನೀರು ಬರುತ್ತದೆ. ಊಟದಲ್ಲಿ ಕೆಲವು ಅಗುಳನ್ನು ನುಂಗುತ್ತಾನೆ, ಕೆಲವನ್ನು ಉಗುಳುತ್ತಾನೆ. ಇವು ರೋಗಗಳಿರಬೇಕೆಂದು ಅರಸನು ಮರುಗುತ್ತಾನೆ. ತಾಯಿಯು ರೋಗವಲ್ಲವೆಂದು ವಿವರಿಸುತ್ತಾಳೆ: ಮಗನು ರತ್ನಗಳ ಬೆಳಕನ್ನಲ್ಲದೆ ಎಣ್ಣೆಯ ದೀಪವನ್ನು ಕಂಡವನಲ್ಲ, ತಾವರೆಯಲ್ಲಿಟ್ಟು ಕಂಪೇರಿಸಿದ ಅಕ್ಕಿಯನ್ನಲ್ಲದೆ ಬೇರೆಯದನ್ನು ಉಂಡವನಲ್ಲ. ಮುಂದೆ ಅರಸನು ಜಳಕಮಾಡುವಾಗ ಅವನ ಉಂಗುರವು ನೀರಿಗೆ ಬೀಳುತ್ತದೆ. ಹುಡುಕಿಸಿದರೆ ಅಲ್ಲಿ ಲೆಕ್ಕವಿಲ್ಲದ ಒಡವೆಗಳ ರಾಶಿಯೇ ಕಾಣುತ್ತದೆ. ನಾಡಿಗೆ ಒಡೆಯನೆನಿಸಿದವನು ತನ್ನ ಸಿರಿ ಎಷ್ಟರದೆಂದು ನಾಚುತ್ತಾನೆ.

ಈ ಕಥೆಯಲ್ಲಿ ಮೋಸಹೋದವರು ಯಾರು? ಸುಕುಮಾರನು ತನ್ನನ್ನು ತಾನು ವಂಚಿಸಿಕೊಂಡವನಲ್ಲ. ಅವನಿಗೆ ಹೊರಗಿನ ಲೋಕವೇ ತಿಳಿಯದು. ವಂಚನೆಯಿರುವುದು ತಾಯಿಯಲ್ಲಿ. ಆಕೆಯೇನೂ ದುಷ್ಟೆಯಲ್ಲ, ಅವಳನ್ನು ನಡೆಸುವುದು ವಾತ್ಸಲ್ಯವೇ. ಆದರೆ ಹಣದಿಂದ ಗೋಡೆ ಕಟ್ಟಬಹುದು, ಗೋಡೆಯಿಂದ ಸತ್ಯವನ್ನು ತಡೆಯಬಹುದು ಎಂದು ಅವಳು ನಂಬಿದಳು. ಒಂದು ರಾತ್ರಿ ಹೊರಗಿನಿಂದ ಮುನಿಯೊಬ್ಬನ ಪಾಠದ ದನಿ ಗೋಡೆಯನ್ನು ದಾಟಿ ಬಂದಿತು. ಸುಕುಮಾರನಿಗೆ ಹಿಂದಿನ ಜನ್ಮದ ನೆನಪಾಯಿತು. ಅವನು ಮಾಳಿಗೆಯಿಂದಿಳಿದು ಹೊರಟುಹೋದನು. ಮೆತ್ತನೆಯ ಅಡಿಗಳು ನೆತ್ತರು ಸುರಿಸಿದುವು. ನರಿಯೊಂದು ಮರಿಗಳೊಡನೆ ಮೂರು ರಾತ್ರಿ ತಿನ್ನುತ್ತಿದ್ದರೂ ಅವನು ಅಲುಗಲಿಲ್ಲ. ದೀಪದ ಕುಡಿಯನ್ನು ತಾಳಲಾರದೆ ಹೋದವನು ಇದನ್ನು ತಾಳಿದನು. ತಾಯಿಯು ಮಗನಿಗೆ ಯಾವ ಶಕ್ತಿಯಿಲ್ಲವೆಂದು ಭಾವಿಸಿ ಅಷ್ಟೆಲ್ಲ ಕಾಪಾಡಿದಳೋ ಆ ಶಕ್ತಿಯು ಅವನಲ್ಲಿ ಮೊದಲೇ ಇದ್ದಿತು.

ಇಲ್ಲಿಂದ ಸುಮಾರು ಒಂಬತ್ತು ಶತಮಾನಗಳನ್ನು ದಾಟಿ ಮಂಗಳೂರಿಗೆ ಬರೋಣ. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂಬ ಗೌರವ ಅದಕ್ಕಿದೆ. ಗ್ರಂಥಕರ್ತರು ಪೋಲೀಸು ಇಲಾಖೆಯಲ್ಲಿದ್ದವರು. ಮನುಷ್ಯರು ತಮ್ಮ ನಡತೆಗೆ ಎಂತೆಂತಹ ಸಬೂಬುಗಳನ್ನು ಹೇಳುವರೆಂಬುದನ್ನು ಹತ್ತಿರದಿಂದ ಕಂಡವರೆಂದು ಊಹಿಸಬಹುದು. ಕಾದಂಬರಿಯ ಭೀಮರಾಯನು ಲಂಚದ ಹಣದಿಂದ ಮೇಲೆ ಬಂದವನು. ಅವನ ಹೆಂಡತಿ ಅಂಬಾಬಾಯಿಗೆ ಸಂತಮಂಡಳಿಯವರಲ್ಲಿ ಅಪಾರ ಭಕ್ತಿ. ಮನೆಯಲ್ಲಿ ಭಜನೆಯುಂಟು, ಸಮಾರಾಧನೆಯುಂಟು. ಸಂತರೆನಿಸಿದವರ ನಡತೆ ಮಾತ್ರ ಹೇಳತಕ್ಕದ್ದಲ್ಲ. ಹಣವು ಎಲ್ಲಿಂದ ಬಂದಿತೆಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಎಲ್ಲಿಗೆ ಹೋಗುತ್ತದೆಂಬುದನ್ನು ಮಾತ್ರ ಎಲ್ಲರೂ ಕೊಂಡಾಡುತ್ತಾರೆ. ದಾನದ ಕಡೆಗೆ ನೋಡುತ್ತ ಆದಾಯದ ಕಡೆಗೆ ಬೆನ್ನು ತಿರುಗಿಸುವ ಈ ಕಲೆ ಕಮಲಪುರದ ಭೀಮರಾಯನೊಂದಿಗೇ ಮುಗಿದುಹೋಯಿತೆಂದು ನಾವು ಹೇಳಲಾರೆವು.

ಆ ಮನೆಯಲ್ಲಿ ಸತ್ಯವನ್ನು ಕಾಣುವವಳು ಯಾರು? ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಮಗಳು ಇಂದಿರೆ. ಸಮಾಜವು ಯಾವ ಸ್ಥಾನವನ್ನೂ ಕೊಡದ ಹುಡುಗಿ. ಕಳೆದುಕೊಳ್ಳಲು ಪ್ರತಿಷ್ಠೆಯಿಲ್ಲದವಳಾದ್ದರಿಂದಲೇ ಅವಳ ಕಣ್ಣಿಗೆ ಪೊರೆಯಿಲ್ಲ. ಅವಳು ಮನೆಯನ್ನು ತೊರೆದು ಅಮೃತರಾಯನ ಆಶ್ರಯವನ್ನು ಸೇರುತ್ತಾಳೆ, ವಿದ್ಯೆಯನ್ನು ಕಲಿಯುತ್ತಾಳೆ, ಕಡೆಗೆ ಭಾಸ್ಕರನನ್ನು ವಿವಾಹವಾಗುತ್ತಾಳೆ.

ಇದೇ ನೋಟವನ್ನು ಪರದೇಶದ ಕಾದಂಬರಿಯೊಂದರಲ್ಲಿಯೂ ಕಾಣಬಹುದು. ಚಾರ್ಲ್ಸ್ ಡಿಕನ್ಸನು ೧೮೬೦-೬೧ರಲ್ಲಿ ಪ್ರಕಟಿಸಿದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಪಿಪ್ ಎಂಬ ಬಡ ಹುಡುಗನು ಅಜ್ಞಾತ ದಾನಿಯ ಹಣದಿಂದ ದೊಡ್ಡಮನುಷ್ಯನಾಗಲು ಲಂಡನ್ನಿಗೆ ಹೋಗುತ್ತಾನೆ. ಶ್ರೀಮಂತ ಮಹಿಳೆಯೊಬ್ಬಳು ತನ್ನನ್ನು ಆರಿಸಿಕೊಂಡಿರುವಳೆಂದು ಅವನ ನಂಬಿಕೆ. ಸಾಕಿ ಸಲಹಿದ ಕಮ್ಮಾರ ಜೋ ತನ್ನನ್ನು ನೋಡಲು ಬಂದರೆ ಅವನಿಗೆ ನಾಚಿಕೆ. ಬಿರುಗಾಳಿಯ ಒಂದು ರಾತ್ರಿ ಬಾಗಿಲಿಗೆ ಬಂದು ನಿಂತವನು, ತಾನು ಬಾಲ್ಯದಲ್ಲಿ ಅನ್ನವಿತ್ತಿದ್ದ ಒಬ್ಬ ಕೈದಿ. ಹಣವೆಲ್ಲ ಅವನದು, ಗಡೀಪಾರಾದ ನಾಡಿನಲ್ಲಿ ದುಡಿದು ಕಳುಹಿಸಿದ್ದು. ಪಿಪ್ಪನು ಯಾರ ಜಾತಿಯ ಜನರಿಂದ ಓಡಿಹೋಗಬೇಕೆಂದಿದ್ದನೋ ಅವರಲ್ಲೊಬ್ಬನ ಬೆವರಿನಿಂದಲೇ ಅವನ ಒಳ್ಳೆಯ ಉಡುಪು ಹುಟ್ಟಿತ್ತು.

ಈ ಮೂರು ಕಥೆಗಳ ದೇಶ, ಕಾಲ, ಮತ ಬೇರೆ ಬೇರೆ. ಆದರೆ ಮೂರರಲ್ಲಿಯೂ ಒಂದು ಮಾತು ಸಮನಾಗಿದೆ. ಆತ್ಮವಂಚನೆಯು ಒಬ್ಬನೇ ಮಾಡಿಕೊಳ್ಳಬಲ್ಲ ಕೆಲಸವಲ್ಲ. ಅದಕ್ಕೆ ಸಹಾಯಕರು ಬೇಕು. ಹಣವು ಆ ಸಹಾಯಕರನ್ನು ಒದಗಿಸುತ್ತದೆ: ಹೊಗಳುವವರನ್ನು, ಹರಸುವವರನ್ನು, ಬಾಗಿಲು ಕಾಯುವವರನ್ನು. ಆದಕಾರಣ ಸತ್ಯವು ಬರುವುದಾದರೆ, ಆ ಮನೆಯು ಯಾರನ್ನು ಲೆಕ್ಕದಿಂದ ಹೊರಗಿಟ್ಟಿತೋ ಅವರಿಂದಲೇ ಬರಬೇಕು. ಯಶೋಭದ್ರೆಯ ಮನೆಗೆ ಅದು ಬಂದದ್ದು ತಡೆಯಲ್ಪಟ್ಟ ಮುನಿಯಿಂದ. ಭೀಮರಾಯನ ಮನೆಯಲ್ಲಿ ವಿಧವೆಯಾದ ಮಗಳಿಂದ. ಪಿಪ್ಪನ ಬಾಗಿಲಿಗೆ ಕೈದಿಯಿಂದ.

ಇಷ್ಟನ್ನು ಹೇಳಿ ಮುಗಿಸಿದರೆ ನಾವೂ ಒಂದು ಬಗೆಯ ಆತ್ಮವಂಚನೆಗೆ ಗುರಿಯಾದಂತೆ. ಓದುವಾಗ ನಾವೆಲ್ಲರೂ ಇಂದಿರೆಯ ಪಕ್ಷ. ಯಾರೊಬ್ಬರೂ ತಮ್ಮನ್ನು ಭೀಮರಾಯನಲ್ಲಿ ಕಂಡುಕೊಳ್ಳುವುದಿಲ್ಲ. ನಗರಗಳಲ್ಲಿ ವಾಸಿಸುವ ವಿದ್ಯಾವಂತರಾದ ನಮಗೆ ರತ್ನಕಂಬಳಿಗಳಿಲ್ಲ, ನಿಜ. ಆದರೆ ನಮ್ಮ ಪದವಿ, ನಮ್ಮ ನಯವಾದ ಮಾತು, ನಮ್ಮ ಸದಭಿರುಚಿ ಇವೂ ಸಂಪತ್ತೇ. ಇವುಗಳಿಂದಲೂ ಗೋಡೆ ಕಟ್ಟಬಹುದು. ಒಳ್ಳೆಯ ಪುಸ್ತಕಗಳನ್ನು ಓದಿದ್ದೇವೆಂಬ ಸಮಾಧಾನವೇ ಆ ಗೋಡೆಯ ಒಂದು ಕಲ್ಲಾಗಬಹುದು.

ಹೀಗಿರುವಾಗ ಈ ಕಥೆಗಳಿಂದ ನಾವು ಒಂದು ಪ್ರಶ್ನೆಯನ್ನಾದರೂ ಮನೆಗೆ ಕೊಂಡುಹೋಗೋಣ. ನಮ್ಮ ಬಾಗಿಲಲ್ಲಿ ನಾವು ತಡೆದು ನಿಲ್ಲಿಸಿರುವುದು ಯಾರನ್ನು? ಅದು ಸಾಲ ಕೇಳಲು ಬಂದ ಬಂಧುವಿರಬಹುದು, ನಮ್ಮ ಮಾತಿಗೆ ಒಪ್ಪದ ಮಗಳಿರಬಹುದು, ಹಳ್ಳಿಯಿಂದ ಬಂದ ಹಳೆಯ ಗೆಳೆಯನಿರಬಹುದು. ಅವರು ಹೇಳುವುದೆಲ್ಲವೂ ಸತ್ಯವೆಂದಲ್ಲ. ಆದರೆ ನಮ್ಮನ್ನು ಹೊಗಳಿ ಅವರಿಗೆ ಆಗಬೇಕಾದುದೇನೂ ಇಲ್ಲದಿದ್ದರೆ, ಒಳಗೆ ಕರೆದು ಕುಳ್ಳಿರಿಸಿ ಒಮ್ಮೆ ಕೇಳುವುದು ಲೇಸು.