ಗಂಟು ಬಿಚ್ಚುವವರು ಯಾರು?



ಇಬ್ರಾಹಿಂಪುರದ ಈ ಗೋಷ್ಠಿಯಲ್ಲಿ ಕುಳಿತು ಇತಿಹಾಸ ಸಂಘಗಳ ಬಗ್ಗೆ ಮಾತಾಡುವಾಗ ಇದೇ ವಿಜಯಪುರದ ಎರಡು ಗ್ರಂಥಭಂಡಾರಗಳ ಗತಿಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಆದಿಲಶಾಹಿ ಬಾದಶಹರದು. ಆಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳು, ಬಹುಪಾಲು ಅರಬ್ಬಿಯವು, 1853ರಲ್ಲಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯ ಸೇರಿದವು. ಇನ್ನೊಂದು ಒಬ್ಬ ವಕೀಲರದು. ಫ.ಗು. ಹಳಕಟ್ಟಿಯವರು ಮಠ, ಮನೆಗಳಲ್ಲಿ ಧೂಳು ಹಿಡಿದಿದ್ದ ವಚನಗಳ ತಾಳೆಗರಿ ಕಟ್ಟುಗಳನ್ನು ಹುಡುಕಿ ತಂದು ಕೂಡಿಸಿದ್ದು. ಬೊಕ್ಕಸ, ಸೈನ್ಯ, ಕೋಟೆ ಇದ್ದವರ ಪುಸ್ತಕಗಳು ಊರು ಬಿಟ್ಟವು; ಕೋರ್ಟಿನ ಗಳಿಕೆಯವರ ಪುಸ್ತಕಗಳು ಊರಲ್ಲೇ ನಿಂತು ನಾಡಿನ ಮನೆಮನೆ ಸೇರಿದವು. ಕಾರಣ ಅದೃಷ್ಟವಲ್ಲ. ಹಳಕಟ್ಟಿಯವರು ಪುಸ್ತಕದ ಜೊತೆಗೆ ಓದುಗರನ್ನೂ ಕೂಡಿಸಿದರು. ಓದುವ ಬಳಗ ಕಟ್ಟದ ಸಂಘ ಬರೀ ಉಗ್ರಾಣ ಎಂಬುದೇ ನನ್ನ ವಾದ.

ಒಂದು ತಾಳೆಗರಿ ಕಟ್ಟನ್ನು ಬಿಚ್ಚಿ ನೋಡಿ. ಎರಡು ಮರದ ಪಟ್ಟಿ, ನಡುವೆ ಗರಿಗಳು, ತೂತಿನಲ್ಲಿ ಪೋಣಿಸಿದ ದಾರ. ಕಂಟದಿಂದ ಕೊರೆದ ಅಕ್ಷರ ಕಾಣಬೇಕಾದರೆ ಕಾಡಿಗೆ ಸವರಿ ಒರೆಸಬೇಕು. ಕಂಡರೂ ಪದಗಳ ನಡುವೆ ಬಿಡುವಿಲ್ಲ, ಎ ಯಾವುದು ಏ ಯಾವುದು ಎಂಬ ಗುರುತಿಲ್ಲ. ಒಂದು ವಚನ ಎಲ್ಲಿ ಮುಗಿಯಿತು ಎಂದು ಹೇಳಲು ಅಂಕಿತ ಬಲ್ಲವನೇ ಬೇಕು. ಹೀಗೆ ಬಿಡಿಸಿ ಓದಿದ್ದು 1923ರಲ್ಲಿ ‘ವಚನಶಾಸ್ತ್ರಸಾರ’ವಾಯಿತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಬಂತು, ಮರುವರ್ಷ ‘ಶಿವಾನುಭವ’ ಪತ್ರಿಕೆ. ಈ ಪತ್ರಿಕೆಯೇ ನಿಜವಾದ ಇತಿಹಾಸ ಸಂಘ ಎಂದು ನನಗನ್ನಿಸುತ್ತದೆ: ಸಿಕ್ಕಿದ್ದು ಅಚ್ಚಾಗುತ್ತಿತ್ತು, ಅಚ್ಚಾದದ್ದು ಚರ್ಚೆಗೆ ಬರುತ್ತಿತ್ತು.

ಜನರೇ ತಮ್ಮ ದಾಖಲೆ ಕೂಡಿಸಿಕೊಂಡದ್ದು ನಮ್ಮಲ್ಲಷ್ಟೇ ಅಲ್ಲ. 1525ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ ಕ್ರೈಸ್ತ ಸುಧಾರಣೆಯ ಒಂದು ಕವಲು ಮುಂದೆ ಮೆನ್ನೊನೈಟ್ ಪಂಥವಾಯಿತು. ಕತ್ತಿ ಹಿಡಿಯಲು ಒಲ್ಲದ ಈ ಜನ ಹಿಂಸೆ ತಾಳದೆ ಉಕ್ರೇನಿನ ಬಯಲು, ಕೆನಡಾ, ಪರಾಗ್ವೆ ಎಂದು ಚದುರಿದರು. ನಮ್ಮ ರಾಯಚೂರಿನಾಚೆ ಗದ್ವಾಲ, ಮಹಬೂಬನಗರಗಳಲ್ಲೂ ಈ ಪಂಥದ ಸಭೆಗಳಿವೆ. ರಾಜ್ಯವಿಲ್ಲದವರಿಗೆ ರಾಜನ ದಫ್ತರೆಲ್ಲಿಂದ ಬರಬೇಕು? ದೀಕ್ಷೆಯ ಪಟ್ಟಿ, ಪತ್ರ, ದಿನಚರಿಗಳನ್ನು ತಾವೇ ಕಾದಿಟ್ಟರು. ಅದಕ್ಕೆಂದೇ ಉತ್ತರ ಅಮೆರಿಕದಲ್ಲಿ ಇತಿಹಾಸ ಸಂಘಗಳನ್ನು ಕಟ್ಟಿಕೊಂಡರು. ಕಲ್ಯಾಣದಿಂದ ಚದುರಿದ ಶರಣರ ಕಟ್ಟುಗಳ ಕತೆ ಬಲ್ಲ ನಮಗೆ ಇದು ದೂರದ ಮಾತಲ್ಲ.

ತಮ್ಮ ಚರಿತ್ರೆಯನ್ನು ತಾವೇ ಬರೆದುಕೊಂಡರೆ ಅದು ಹೊಗಳಿಕೆಯಾಗುವುದಿಲ್ಲವೆ ಎಂಬ ಆಕ್ಷೇಪವಿದೆ. ಗಟ್ಟಿಯಾದ ಆಕ್ಷೇಪವೇ. ‘ಮಾರ್ಗ’ ಸಂಪುಟದ ಬರಹಗಳಿಗಾಗಿ 1989ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ಸಮಾಜದಿಂದಲೇ ಎದುರಿಸಿದ ಒತ್ತಡ ಮರೆಯುವಂಥದ್ದಲ್ಲ. ಆದರೆ ಹೊಗಳಿಕೆಯನ್ನು ಕೆಡಹುವ ಸಾಕ್ಷ್ಯವೂ ಅದೇ ಕಪಾಟಿನಲ್ಲಿರುತ್ತದೆ. ನಾಜಿ ಕಾಲದಲ್ಲಿ ತಮ್ಮವರಲ್ಲಿ ಕೆಲವರು ಹಿಟ್ಲರನ ಪರ ನಿಂತದ್ದನ್ನು ಮೆನ್ನೊನೈಟ್ ಇತಿಹಾಸಕಾರರೇ ದಾಖಲೆ ಹಿಡಿದು ಬಯಲಿಗಿಟ್ಟರು. ಕಲಬುರ್ಗಿಯವರ ಕೈಗೆ ಹತಾರ ಕೊಟ್ಟದ್ದೂ ಮಠಗಳು ಕಾದಿಟ್ಟ ಹಸ್ತಪ್ರತಿಗಳೇ. ಕಪಾಟಿನ ಕೀಲಿ ಹೊರಗಿನವರಿಗೂ ಸಿಗಬೇಕು, ಅಷ್ಟೆ.

ಲಂಡನ್ನಿಗೆ ಹೋದದ್ದರಿಂದಲೇ ಆಸಾರ್ ಮಹಲಿನ ಪುಸ್ತಕಗಳು ಉಳಿದವಲ್ಲ, ಈಗಂತೂ ಎಲ್ಲ ಸ್ಕ್ಯಾನ್ ಆಗುತ್ತದಲ್ಲ ಎನ್ನುವವರೂ ಇದ್ದಾರೆ. ಕಾಗದ ಉಳಿಯಿತು, ಒಪ್ಪೋಣ. ಆದರೆ ಊರಿನಲ್ಲಿ ಅರಬ್ಬಿ, ಫಾರಸಿ ಓದುವವರು ಕರಗಿ, ಆದಿಲಶಾಹಿ ಎಂದರೆ ಗುಮ್ಮಟ ಎಂದಷ್ಟೇ ಆಯಿತು. ಆ ಕಾಲದ ಸಾಹಿತ್ಯ ಕನ್ನಡಕ್ಕೆ ಬರಲು ಇಲ್ಲಿನ ಬಿ.ಎಲ್.ಡಿ.ಇ. ಸಂಸ್ಥೆಯ ಸಂಶೋಧನ ಕೇಂದ್ರವೇ ಕೈಹಾಕಬೇಕಾಯಿತು. ಆ ಕೇಂದ್ರಕ್ಕಿರುವುದು ಅದೇ ವಕೀಲರ ಹೆಸರು.

ಈಗ ಸರದಿ ಮೋಡಿ ಲಿಪಿಯದು. ಮುಂಬೈ ಪ್ರಾಂತದಲ್ಲಿದ್ದ ಈ ಜಿಲ್ಲೆಯ ಹಳೆಯ ಲೆಕ್ಕ, ಕರಾರು, ಹಂಚಿಕೆ ಪತ್ರಗಳಲ್ಲಿ ಎಷ್ಟೋ ಆ ಲಿಪಿಯಲ್ಲಿವೆ; ಓದಬಲ್ಲವರು ವರ್ಷಕ್ಕೆ ವರ್ಷ ಕಡಿಮೆಯಾಗುತ್ತಿದ್ದಾರೆ. ಈ ಗೋಷ್ಠಿ ಕಟ್ಟಡಕ್ಕೆ ಅನುದಾನ ಕೇಳುವ ಠರಾವಿಗಿಂತ ಮುಂಚೆ, ವಾರಕ್ಕೊಂದು ಸಂಜೆ ಮೋಡಿ ಕಲಿಸುವ ತರಗತಿಯ ಠರಾವು ಮಾಡಲಿ.